ಬಾಯಮ್ಮನ ಗುಣಾಕಾರ

ಮೊನ್ನೆ ಆಫೀಸಿನಲ್ಲಿ ಥರ್ಮೋಕೋಲ್ ಪೆಟ್ಟಿಗೆಯ ಮುಚ್ಚಳ ತೆಗೆದಾಗ ಐಸಿನ ತಣ್ಣನೆಯ ಹಬೆಯ ಜೊತೆಗೆ ಬಂಗುಡೆ ಮೀನಿನ ವಾಸನೆ ಎದ್ದು ಬಂತು. ಪಕ್ಕದಲ್ಲಿದ್ದವರೆಲ್ಲ ಮೂಗು ಮುಚ್ಚಿಕೊಂಡರು. ನಾನು ಮಾತ್ರ ಇನ್ನಷ್ಟು ಬಗ್ಗಿದೆ. ಕಡಲ ದಂಡೆಯ ಬೆಂಗ್ರೆಯಲ್ಲಿ ಹುಟ್ಟಿದವರಿಗೆ ಅದು ವಾಸನೆಯಲ್ಲ, ಗಾಳಿ.

ನಾನೀಗ ಒಂದು ದೊಡ್ಡ ಕ್ಯಾಂಟೀನಿನ ಖರೀದಿ ವಿಭಾಗದಲ್ಲಿದ್ದೇನೆ. ಬರುವ ವರ್ಷಕ್ಕೆ ಮೀನು ಯಾರಿಂದ ತರಿಸುವುದು ಎಂದು ಆರಿಸುವ ದಿನ ಅದು. ಹೊಸದಾಗಿ ಸೇರಿದ ಸಹೋದ್ಯೋಗಿ ಕಂಪ್ಯೂಟರಿನಲ್ಲಿ ಒಂದು ಕೋಷ್ಟಕ ತೆರೆದು ನನಗೆ ಪಾಠ ಶುರುಮಾಡಿದಳು. ಬೆಲೆ ಒಂದನ್ನೇ ನೋಡಬಾರದಂತೆ. ತಾಜಾತನ, ಸಮಯಪಾಲನೆ, ಶುಚಿ, ಎಲ್ಲಕ್ಕೂ ಇಷ್ಟಿಷ್ಟು ತೂಕ ಕೊಟ್ಟು, ಅಂಕ ಹಾಕಿ, ಆಮೇಲೆ ಯಾರು ಮೇಲೆ ಬರುತ್ತಾರೋ ಅವರನ್ನು ಆರಿಸಬೇಕಂತೆ. ಇದಕ್ಕೆ ಮ್ಯಾನೇಜ್‌ಮೆಂಟ್ ಓದಿದವರು ಉದ್ದದ ಒಂದು ಹೆಸರಿಟ್ಟಿದ್ದಾರೆ. ನಾನು ತಲೆಯಾಡಿಸಿ ಕೇಳಿಸಿಕೊಂಡೆ. ಪಾಪ, ಅಷ್ಟು ಉತ್ಸಾಹದಲ್ಲಿ ಹೇಳುತ್ತಿದ್ದಳು. ಇದನ್ನೆಲ್ಲ ನಾನು ಕಾಲೇಜಿನಲ್ಲಿರುವಾಗಲೇ ಕುಲಶೇಖರದ ಒಂದು ಹಾಸ್ಟೆಲಿನ ಊಟದ ಕೋಣೆಯಲ್ಲಿ, ಹೊಟ್ಟೆ ಉರಿಸಿಕೊಂಡು ಕಲಿತವಳು ಎಂದು ಅವಳಿಗೆ ಹೇಗೆ ಹೇಳುವುದು...

ಕಲಿಸಿದವರು ಬಾಯಮ್ಮ. ನಮ್ಮ ಕಡೆ ಕ್ರಿಶ್ಚಿಯನ್ ಹೆಂಗಸರನ್ನು ಕರೆಯುವುದೇ ಹಾಗೆ. ನನ್ನ ಅಮ್ಮ ಬುಟ್ಟಿ ಹೊತ್ತು ಮೀನು ಮಾರುತ್ತಿದ್ದ ಬೀದಿಯಲ್ಲಿ ಬಾಯಮ್ಮಂದಿರಿಗೆ ಬರವಿರಲಿಲ್ಲ. ಆದರೆ ನಮ್ಮ ಮನೆಯಲ್ಲಿ ಬಾಯಮ್ಮ ಎಂದರೆ ಅವರೊಬ್ಬರೇ. ಶಾಲೆಯಲ್ಲಿ ಗಣಿತದ ಟೀಚರ್ ಆಗಿ ನಿವೃತ್ತರಾದವರು. ಮದುವೆಯಾಗಿರಲಿಲ್ಲ, ತಮ್ಮನ ಹೆಂಡತಿಯ ಜೊತೆ ಇದ್ದರು. ಗಿಡ್ಡ ಜೀವ, ದಪ್ಪ ಕನ್ನಡಕ, ಕಂಚಿನ ಕಂಠ. ನಿವೃತ್ತಿಯಾದ ಮೇಲೆ ಸುಮ್ಮನೆ ಕೂರಲಾಗದೆ ಹತ್ತಿರದ ಹುಡುಗಿಯರ ಹಾಸ್ಟೆಲಿನ ಅಡುಗೆಮನೆಯ ಉಸ್ತುವಾರಿ ವಹಿಸಿಕೊಂಡಿದ್ದರು.

ಅಮ್ಮ ಬೆಳಿಗ್ಗೆ ಫೆರಿ ದಾಟಿ, ಸಿಟಿ ಬಸ್ಸು ಹಿಡಿದು ಕುಲಶೇಖರದಲ್ಲಿ ಇಳಿದರೆ ಮೊದಲು ಬುಟ್ಟಿ ಇಳಿಸುವುದು ಬಾಯಮ್ಮನ ಮೆಟ್ಟಿಲಲ್ಲಿ. ಬಾಯಮ್ಮ ಬಂಗುಡೆಯ ಕಿವಿರು ಎತ್ತಿ ನೋಡುವರು, ಬೆರಳಲ್ಲಿ ಒತ್ತುವರು, ಮೂಗಿನ ಹತ್ತಿರ ಹಿಡಿಯುವರು. "ಎಂತ ಬಾಯಮ್ಮ, ಮದುವೆಗೆ ಹೆಣ್ಣು ನೋಡಿದ ಹಾಗೆ ನೋಡ್ತೀರಿ" ಎಂದು ಅಮ್ಮ. "ಹೆಣ್ಣು ನೋಡುವಾಗ ಇಷ್ಟು ನೋಡುವುದಿಲ್ಲ, ಅದಕ್ಕೇ ಜಗಳ ಆಗುವುದು" ಎಂದು ಬಾಯಮ್ಮ. ಇಬ್ಬರೂ ತುಳುವಿನಲ್ಲೇ ಮಾತಾಡುವುದು, ನಾನಿಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ. ಚೌಕಾಶಿ ಮುಗಿದ ಮೇಲೆ ಕಾಫಿ, ಕಾಫಿ ಮುಗಿದ ಮೇಲೆ ಊರಿನ ಸುದ್ದಿ. ಮುಂದಿನ ಮನೆಯವರು ಕಾದು ಕಾದು ಗೊಣಗುತ್ತಿದ್ದರಂತೆ.

ಪ್ರತಿವರ್ಷ ಮಳೆಗಾಲಕ್ಕೆ ಮೊದಲು ಅಮ್ಮ ಬಾಯಮ್ಮನಿಗೊಂದು ಪೊಟ್ಟಣ ಕೊಡುತ್ತಿದ್ದಳು. ಬೆಂಗ್ರೆಯ ಮರಳಿನಲ್ಲಿ ಬಲೆ ಹಾಸಿ, ಏಪ್ರಿಲ್-ಮೇ ಬಿಸಿಲಿಗೆ ಅವಳೇ ಒಣಗಿಸಿದ ಸಿಗಡಿ. ಇದರ ಬಗ್ಗೆ ಒಂದು ಮಾತು ಹೇಳಲೇಬೇಕು. ನಮ್ಮ ಮನೆಯಲ್ಲಿ ಹಸಿಮೀನು ಮಾರಾಟಕ್ಕೆ, ಒಣಮೀನು ಕೊಡುವುದಕ್ಕೆ. ಮದುವೆಯಾಗಿ ಹೋದ ಹೆಣ್ಣುಮಕ್ಕಳಿಗೆ, ನೆಂಟರಿಗೆ, ಹೆರಿಗೆಯಾದ ಮನೆಗೆ ಕೊಡುತ್ತಿದ್ದರು, ಮಿಕ್ಕಿದ್ದು ನಮಗೆ. ಊರಲ್ಲಿ ಒಣಮೀನು ಮಾರುವವರು ಬೇಕಾದಷ್ಟು ಜನ ಇದ್ದರು, ಆದರೆ ಅಜ್ಜಿಯ ಕಾಲದಿಂದ ನಮ್ಮ ಮನೆಯವರು ಮಾರಿದ್ದಿಲ್ಲ. ಕೇಳಿದರೆ ಅಮ್ಮ, "ಮಗಳ ಮನೆಗೆ ಕಳಿಸುವುದನ್ನು ಯಾರಾದ್ರೂ ತಕ್ಕಡಿಯಲ್ಲಿ ಇಡ್ತಾರಾ?" ಎನ್ನುತ್ತಿದ್ದಳು. ಆ ಸಾಲಿನಲ್ಲಿ ಹೊರಗಿನವರು ಎಂದರೆ ಬಾಯಮ್ಮ ಒಬ್ಬರೇ.

ನಾನು ಬಿ.ಕಾಂ. ಎರಡನೇ ವರ್ಷದಲ್ಲಿರುವಾಗ ಅಮ್ಮನ ಕುತ್ತಿಗೆ ನೋವು ಜೋರಾಯಿತು. ಎಡಗೈ ಜೋಮು ಹಿಡಿಯುತ್ತಿತ್ತು. ಡಾಕ್ಟರು ತಲೆಹೊರೆ ನಿಲ್ಲಿಸಲೇಬೇಕು ಎಂದರು. ಇಷ್ಟು ವರ್ಷ ಬುಟ್ಟಿ ಹೊತ್ತ ತಲೆಗೆ ಇದ್ದಕ್ಕಿದ್ದಂತೆ ರಜೆ ಕೊಡು ಎಂದರೆ ಹೇಗೆ? ಹೊರುವುದು ಬಿಟ್ಟರೆ ವ್ಯಾಪಾರ ಬಿಟ್ಟಂತೆ. ಅದೇ ಸಮಯಕ್ಕೆ ಹಾಸ್ಟೆಲಿನಲ್ಲಿ ಒಂದು ರಾದ್ಧಾಂತವಾಯಿತು. ಅಲ್ಲಿಗೆ ಮೀನು ಕೊಡುತ್ತಿದ್ದ ವ್ಯಾಪಾರಿಯ ಹಳಸಿದ ಮೀನು ತಿಂದು ಹುಡುಗಿಯರು ಸಾಲಾಗಿ ವಾಂತಿ ಮಾಡಿಕೊಂಡರು. ಅವನನ್ನು ಕೈಬಿಟ್ಟು ಹೊಸಬರನ್ನು ಆರಿಸುತ್ತಾರೆ ಎಂದು ತಿಳಿದಾಗ ನಮ್ಮ ಮನೆಯಲ್ಲಿ ದೀಪ ಹಚ್ಚಿದಷ್ಟು ಖುಷಿ. ನನ್ನ ಸೋದರಮಾವನ ಬೋಟಿನ ಮೀನು ಬಂದರಿನ ಧಕ್ಕೆಯಿಂದ ನೇರ ಟೆಂಪೋದಲ್ಲಿ ಹೋದೀತು, ಅಮ್ಮನ ತಲೆ ಖಾಲಿಯಾದೀತು. ಆರಿಸುವವರು ಯಾರು? ನಮ್ಮ ಬಾಯಮ್ಮ! "ಇನ್ನೆಂತ, ಆಯ್ತಲ್ಲ" ಎಂದು ಅಮ್ಮ ಟೆಂಪೋದವನ ಹತ್ತಿರ ಮಾತಾಡಿಯೂ ಬಂದಳು.

ಬಾಯಮ್ಮ ಎಲ್ಲರನ್ನೂ ಹಾಸ್ಟೆಲಿನ ಊಟದ ಕೋಣೆಗೆ ಕರೆಸಿದರು. ಗೋಡೆಗೆ ಮೊದಲೇ ಒಂದು ದೊಡ್ಡ ಹಾಳೆ ಅಂಟಿಸಿದ್ದರು. ಯಾರ್ಯಾರು ಬರುತ್ತಾರೆ ಎಂದು ಗೊತ್ತಾಗುವ ಮೊದಲೇ ಹುಡುಗಿಯರನ್ನೂ ಅಡುಗೆಯವರನ್ನೂ ಕೂರಿಸಿಕೊಂಡು ಯಾವುದು ಎಷ್ಟು ಮುಖ್ಯ ಎಂದು ಬರೆಸಿದ್ದರಂತೆ. "ಮುಖ ನೋಡಿದ ಮೇಲೆ ತೂಕ ಹಾಕಿದ್ರೆ ತಕ್ಕಡಿಗೂ ನಾಚಿಕೆ ಆಗ್ತದೆ" ಎಂದರು. ಒಬ್ಬೊಬ್ಬರಿಗೂ ಒಂದೊಂದು ವಿಷಯಕ್ಕೆ ಹತ್ತರಲ್ಲಿ ಇಷ್ಟು ಅಂಕ. ಆದರೆ ಅಂಕಗಳನ್ನು ಕೂಡಿಸುವುದಲ್ಲ, ಗುಣಿಸುವುದು. ಬಹಳ ಮುಖ್ಯವಾದದ್ದನ್ನು ಎರಡು ಸಲ ಗುಣಿಸುವುದು.

ಯಾಕೆ ಎಂದು ಒಬ್ಬ ವ್ಯಾಪಾರಿ ಕೇಳಿದ. ಬಾಯಮ್ಮನಿಗೆ ಬೇಕಾದದ್ದೇ ಅದು, ಟೀಚರ್ ಅಲ್ಲವೇ! "ಹೋದ ಸಲ ಕೂಡಿಸಿಯೇ ಆರಿಸಿದ್ದು. ಅಗ್ಗಕ್ಕೆ ಹತ್ತು, ಸಮಯಕ್ಕೆ ಹತ್ತು, ತಾಜಾತನಕ್ಕೆ ಒಂದು. ಕೂಡಿಸಿದ್ರೆ ಅವನೇ ಫಸ್ಟ್. ಹಳಸಿದ ಮೀನು ಸಮಯಕ್ಕೆ ಸರಿಯಾಗಿ ಬಂತು! ಸಾರಿಗೆ ಉಪ್ಪೇ ಹಾಕದೆ ತೆಂಗಿನಕಾಯಿ ಎಷ್ಟು ಸುರಿದ್ರೆ ಎಂತ ಪ್ರಯೋಜನ? ಒಂದು ಕೆಟ್ಟದ್ದನ್ನು ಇನ್ನೊಂದು ಒಳ್ಳೆಯದು ಮುಚ್ಚಿಬಿಡಬಾರದು." ಎಲ್ಲರೂ ಹೌದು ಹೌದು ಎಂದರು. ಅಮ್ಮ ಎಲ್ಲರಿಗಿಂತ ಜೋರಾಗಿ ಹೌದು ಎಂದಳು.

ತಾಜಾತನದಲ್ಲಿ ನಮ್ಮನ್ನು ಮೀರಿಸುವವರು ಇರಲಿಲ್ಲ. ಬೆಲೆ, ಶುಚಿ, ಎಲ್ಲದರಲ್ಲೂ ಒಳ್ಳೆಯ ಅಂಕವೇ. ಕೊನೆಯ ಪ್ರಶ್ನೆ ಮಳೆಗಾಲದ್ದು. ಕಡಲಿಗೆ ಇಳಿಯಬಾರದೆಂದು ಸರಕಾರದ ನಿಷೇಧ ಇರುವ ದಿನಗಳಲ್ಲಿ ಹಾಸ್ಟೆಲಿಗೆ ಏನು ಕೊಡುತ್ತೀರಿ? ಮಾರ್ಕೆಟಿನ ದೊಡ್ಡ ವ್ಯಾಪಾರಿ, ಹೊರರಾಜ್ಯದ ಐಸ್ ಮೀನು ತರಿಸುತ್ತೇನೆ ಎಂದ. ಅಮ್ಮ ಎದ್ದುನಿಂತು, "ನಾವು ಕಡಲಿನವರು. ಕಡಲಿಗೆ ರಜೆ ಇದ್ರೆ ನಮಗೂ ರಜೆ. ಎಂತದ್ದೂ ಇಲ್ಲ" ಎಂದಳು. ಆ ಮಾತಿನಲ್ಲಿ ಅವಳಿಗೆ ಎಷ್ಟು ಹೆಮ್ಮೆ!

ಬಾಯಮ್ಮ ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿದರು. "ಸರಿಯಾಗಿ ಆಲೋಚನೆ ಮಾಡು. ಮಳೆಗಾಲಕ್ಕೆ ಎಂತದ್ದೂ ಇಲ್ಲವಾ?"

"ಇಲ್ಲ ಬಾಯಮ್ಮ."

"ಎಂತದ್ದೂ?"

"ಇಲ್ಲ ಅಂತ ಹೇಳಿದ್ನಲ್ಲ. ಸುಳ್ಳು ಹೇಳುವುದಾ?"

ಬಾಯಮ್ಮ ಕನ್ನಡಕ ಮತ್ತೆ ಹಾಕಿಕೊಂಡರು. ಆಮೇಲೆ ಹಾಳೆಯಲ್ಲಿ ನಮ್ಮ ಹೆಸರಿನ ಮುಂದೆ ಸೊನ್ನೆ ಬರೆದರು. ಸೊನ್ನೆಯಿಂದ ಗುಣಿಸಿದರೆ ಏನಾಗುತ್ತದೆ ಎಂದು ಬಿ.ಕಾಂ. ಓದಬೇಕಾಗಿಲ್ಲ. ಹತ್ತು, ಒಂಬತ್ತು, ಹತ್ತು ಎಂದು ಸಾಲಾಗಿ ನಿಂತಿದ್ದ ನಮ್ಮ ಅಂಕಗಳೆಲ್ಲ ಒಂದೇ ಏಟಿಗೆ ನೀರಲ್ಲಿ ಹೋದವು. ಮಾರ್ಕೆಟಿನ ವ್ಯಾಪಾರಿಗೆ ವರ್ಷದ ಕೆಲಸ ಸಿಕ್ಕಿತು.

ನನಗೆ ತಡೆಯಲಾಗಲಿಲ್ಲ. "ಕೂಡಿಸಿದ್ರೆ ನಾವೇ ಫಸ್ಟ್" ಎಂದು ಎದ್ದು ವಾದಿಸಿದೆ.

"ನಿನ್ನ ಲೆಕ್ಕ ಸರಿ ಉಂಟು ಮಗಾ" ಎಂದರು ಬಾಯಮ್ಮ. "ಆದ್ರೆ ಜುಲೈ ತಿಂಗಳಲ್ಲಿ ಈ ಹುಡುಗಿಯರ ಬಟ್ಟಲಿಗೆ ಎಂತ ಹಾಕ್ಲಿ? ನಿನ್ನ ಅಮ್ಮನ ಡಿಸೆಂಬರಿನ ಮಾರ್ಕು ಹಾಕ್ಲಿಕ್ಕೆ ಆಗ್ತದಾ?"

ಅಮ್ಮ ಸಿಂಬಿ ಸುತ್ತಿ ತಲೆಯ ಮೇಲಿಟ್ಟು, ಅದರ ಮೇಲೆ ಖಾಲಿ ಬುಟ್ಟಿಯನ್ನೂ ಇಟ್ಟುಕೊಂಡು ಹೊರಟಳು. ಖಾಲಿ ಬುಟ್ಟಿಯನ್ನು ಕಂಕುಳಲ್ಲಿ ಹಿಡಿಯುವುದು ರೂಢಿ. ಅಂದು ಬೇಕೆಂದೇ ಹೊತ್ತಳು. ಬಾಯಮ್ಮ ನೋಡಲಿ ಎಂದು.

ಆಮೇಲೆ ಶುರುವಾಯಿತು ನೋಡಿ. ಆ ವರ್ಷ ಒಣಸಿಗಡಿಯ ಪೊಟ್ಟಣ ಬಾಯಮ್ಮನಿಗೆ ಹೋಗಲಿಲ್ಲ. ನಿಷೇಧ ಮುಗಿದು ಬೋಟುಗಳು ಹೊರಟ ಮೇಲೂ ಅಮ್ಮ ಅವರ ಗೇಟು ಮುಟ್ಟಲಿಲ್ಲ. ಪಕ್ಕದ ಮನೆಯ ಎದುರು ನಿಂತು, ಬಾಯಮ್ಮನಿಗೆ ಕೇಳಿಸುವಂತೆಯೇ "ಬಂಗುಡೆ! ತಾಜಾ ಬಂಗುಡೆ!" ಎಂದು ಕೂಗುತ್ತಿದ್ದಳು. ಬಾಯಮ್ಮ ಪಾತ್ರೆ ಹಿಡಿದು ಗೇಟಿಗೆ ಬಂದು ನಿಂತರೆ ಇವಳು ಆಕಾಶ ನೋಡಿಕೊಂಡು ಮುಂದಿನ ಮನೆಗೆ ನಡೆಯುವಳು. ಬೀದಿಯವರಿಗೆ ಒಳ್ಳೆಯ ಮನರಂಜನೆ. ನಾನೂ ಅಮ್ಮನ ಪಕ್ಷವೇ. "ಒಂದು ಮಾರ್ಕು ಹಾಕಿದ್ರೆ ಅವರ ಗಂಟು ಹೋಗ್ತಿತ್ತಾ?" ಎಂದು ಮನೆಯಲ್ಲಿ ಬೈದುಕೊಳ್ಳುತ್ತಿದ್ದೆವು. ಆದರೆ ಸಂಜೆ ಅಮ್ಮನ ಕುತ್ತಿಗೆಗೆ ಎಣ್ಣೆ ತಿಕ್ಕುವಾಗ ಅವಳು, "ಅಲ್ಲಿ ಕಾಫಿ ಕುಡಿದು ಕೂತರೆ ಸ್ವಲ್ಪ ಆರಾಮ ಆಗ್ತಿತ್ತು" ಎನ್ನುವಳು.

ಮರುವರ್ಷ ಬೇಸಗೆಯಲ್ಲಿ ಫೆರಿಯಿಂದ ಇಳಿಯುವಾಗ ಅಮ್ಮನ ಕೈ ಜೋಮು ಹಿಡಿದು, ಬುಟ್ಟಿ ಜಾರಿ, ಅವಳೂ ಬಿದ್ದಳು. ಪಾದ ಊದಿಕೊಂಡಿತು. ಮೀನೆಲ್ಲ ಹೊಳೆಪಾಲು. ಸುದ್ದಿ ಕುಲಶೇಖರಕ್ಕೆ ಹೇಗೆ ಹೋಯಿತೋ, ಎರಡು ದಿನ ಕಳೆದು ನೋಡಿದರೆ ನಮ್ಮ ಅಂಗಳದಲ್ಲಿ ಬಾಯಮ್ಮ! ನೀರೆಂದರೆ ಸಾಯುವಷ್ಟು ಹೆದರುವ ಹೆಂಗಸು. ಫೆರಿಯಲ್ಲಿ ಕಣ್ಣು ಮುಚ್ಚಿ ಜಪಮಾಲೆ ಹಿಡಿದು ಬಂದಿದ್ದರು. ಸೆರಗೆಲ್ಲ ಬೆವರು.

"ಕಾಲು ನೋಡ್ಲಿಕ್ಕೆ ಬಂದದ್ದಾ, ಲೆಕ್ಕ ಒಪ್ಪಿಸ್ಲಿಕ್ಕಾ?" ಎಂದು ಅಮ್ಮ ಮಲಗಿದಲ್ಲಿಂದಲೇ ಕೇಳಿದಳು.

"ಎರಡಕ್ಕೂ. ಸೋತವರಿಗೆಲ್ಲ ಎಲ್ಲಿ ಸೋತದ್ದು ಅಂತ ಅದೇ ವಾರ ಹೇಳಿದ್ದೇನೆ. ನೀನು ಗೇಟಿನ ಹತ್ತಿರ ನಿಂತರೆ ಅಲ್ವಾ ಹೇಳುವುದು!"

ಹೊರಗೆ ಮರಳಿನಲ್ಲಿ ಬಲೆಯ ತುಂಬ ಸಿಗಡಿ ಒಣಗುತ್ತಿತ್ತು. ಬಾಯಮ್ಮ ಅದನ್ನು ದಾಟಿಯೇ ಒಳಗೆ ಬಂದದ್ದು. ಕೈ ಹೊರಗೆ ತೋರಿಸಿ, "ಅದೆಂತ?" ಎಂದರು.

"ಒಣಸಿಗಡಿ. ಗೊತ್ತಿಲ್ವಾ ನಿಮಗೆ? ಎಷ್ಟು ವರ್ಷ ತಿಂದಿದ್ದೀರಿ."

"ಯಾವ ಕಾಲಕ್ಕೆ ಅದು?"

"ಮಳೆಗಾಲಕ್ಕೆ. ಮತ್ತೆಂತ..." ಎಂದವಳು ಅಲ್ಲಿಗೇ ನಿಂತಳು.

"ಹಾಗಾದ್ರೆ ಎಂತದ್ದೂ ಇಲ್ಲ ಅಂತ ಯಾಕೆ ಬರೆಸಿದೆ ಮಾರಾಯ್ತಿ? ಎರಡೆರಡು ಸಲ ಕೇಳಿದೆ. ಅದಕ್ಕಿಂತ ಹೆಚ್ಚು ಕೇಳಿದ್ರೆ ನಾನೇ ಹೇಳಿಕೊಟ್ಟ ಹಾಗೆ ಆಗ್ತಿತ್ತು. ಉಳಿದವರೂ ಅಲ್ಲೇ ಕೂತಿದ್ರು."

ಅಮ್ಮನಿಗೆ ಸಿಟ್ಟು ಬಂತು. "ಅದು ಮಾರುವುದಲ್ಲ ಬಾಯಮ್ಮ. ಅದು ಕೊಡುವುದು. ನಿಮಗೆ ಕೊಡುವುದನ್ನು ನಿಮಗೇ ಹೇಗೆ ಮಾರ್ಲಿ?"

ಬಾಯಮ್ಮ ನಗಲು ಶುರುಮಾಡಿದರು. ನಕ್ಕು ನಕ್ಕು ಕಣ್ಣಲ್ಲಿ ನೀರು ಬಂದು ಕನ್ನಡಕ ತೆಗೆದರು. ಅಮ್ಮನಿಗೂ ನಗು ತಡೆಯಲಾಗಲಿಲ್ಲ, ನಕ್ಕಾಗ ಕಾಲು ನೋಯುತ್ತದೆಂದು ಅಯ್ಯೋ ಅಯ್ಯೋ ಎನ್ನುತ್ತಲೇ ನಕ್ಕಳು. ಒಂದು ವರ್ಷದ ಮುನಿಸು ಅಷ್ಟರಲ್ಲೇ ಮುಗಿಯಿತು. ಹೋಗುವ ಮೊದಲು ಬಾಯಮ್ಮ ಹೇಳಿದರು, "ಗುಣಾಕಾರದಲ್ಲಿ ಎಲ್ಲದಕ್ಕೂ ಹತ್ತು ಬೇಕಂತ ಇಲ್ಲ. ಸೊನ್ನೆ ಅಲ್ಲದಿದ್ರೆ ಸಾಕು. ಎರಡಿದ್ರೂ ನೀನು ಬದುಕ್ತೀ. ಮಾರುವುದಾ ಬಿಡುವುದಾ, ಅದು ನಿನ್ನ ಮನೆಯ ವಿಷಯ. ನಾನು ಹೇಳುವುದಿಲ್ಲ."

ಅಮ್ಮ ಆ ರಾತ್ರಿ ಊಟವನ್ನೂ ಸರಿಯಾಗಿ ಮಾಡಲಿಲ್ಲ. ಹೊರಗಿನವರಿಗೆ ಇದು ತಮಾಷೆಯಾಗಿ ಕಂಡೀತು. ಒಣಸಿಗಡಿ ಮಾರುವುದಕ್ಕೆ ಇಷ್ಟು ಚಿಂತೆಯೇ? ಆದರೆ ಅವಳ ಅಮ್ಮ, ಅಜ್ಜಿ ಯಾರೂ ಮಾಡದ ಕೆಲಸ. ಮಾವನ ಹತ್ತಿರ ಕೇಳಿದಳು, ಅವನು ನಿನ್ನಿಷ್ಟ ಎಂದ. ಕೊನೆಗೆ ಅವಳೇ ಒಂದು ದಾರಿ ಕಂಡುಕೊಂಡಳು. ಕುಂಟಿಕೊಂಡೇ ಅಂಗಳಕ್ಕೆ ಹೋಗಿ ಇನ್ನೊಂದು ಬಲೆ ಹಾಸಿಸಿದಳು. ಕೊಡುವುದಕ್ಕೆ ಒಂದು, ಮಾರುವುದಕ್ಕೆ ಒಂದು. ಎರಡೂ ಒಂದೇ ಕಡಲಿನ ಸಿಗಡಿ, ಒಂದೇ ಬಿಸಿಲು. ಆದರೂ ಒಂದರಿಂದ ಇನ್ನೊಂದಕ್ಕೆ ಒಂದು ಮುಷ್ಟಿಯೂ ದಾಟಬಾರದು ಎಂದು ನಮಗೆಲ್ಲ ಕಟ್ಟಪ್ಪಣೆ.

ಆ ವರ್ಷ ಹಾಸ್ಟೆಲಿನಲ್ಲಿ ಮತ್ತೆ ಆರಿಸುವಾಗ ಮಳೆಗಾಲದ ಪ್ರಶ್ನೆಗೆ ನಮಗೆ ಸಿಕ್ಕಿದ್ದು ಮೂರೇ ಅಂಕ. ಗುಣಿಸಿ ನೋಡಿದರೆ ಎಲ್ಲರಿಗಿಂತ ಮೇಲೆ ನಾವು. ಅಮ್ಮನ ತಲೆಯಿಂದ ಬುಟ್ಟಿ ಇಳಿಯಿತು. ಮತ್ತೆ ಏರಲಿಲ್ಲ.

ಅದರ ಮರುದಿನ ನಡೆದದ್ದನ್ನು ಹೇಳದೆ ಇದನ್ನು ಮುಗಿಸುವಂತಿಲ್ಲ. ಅಮ್ಮ ಹೊಸ ಸೀರೆ ಉಟ್ಟು, ಕೊಡುವ ಬಲೆಯದ್ದೇ ಒಳ್ಳೆಯ ಸಿಗಡಿ ಆರಿಸಿ ಪೊಟ್ಟಣ ಕಟ್ಟಿಕೊಂಡು, ನನ್ನನ್ನೂ ಕರೆದುಕೊಂಡು ಬಾಯಮ್ಮನ ಮನೆಗೆ ಹೋದಳು. ಹೋದ ವರ್ಷದ್ದೂ ಸೇರಿಸಿ ದೊಡ್ಡದೇ ಇತ್ತು ಪೊಟ್ಟಣ. ಬಾಯಮ್ಮ ಅದನ್ನು ಕೈಯಲ್ಲಿ ಹಿಡಿದು, ಮೂಗಿನ ಹತ್ತಿರ ತಂದು, ಕಣ್ಣು ಮುಚ್ಚಿ ಉಸಿರೆಳೆದರು. ಆಮೇಲೆ ಅಮ್ಮನ ಮಡಿಲಿಗೇ ವಾಪಸು ಇಟ್ಟರು.

"ಇನ್ನು ತೆಗೊಳ್ಳಿಕ್ಕೆ ಆಗುವುದಿಲ್ಲ. ನೀನೀಗ ಹಾಸ್ಟೆಲಿಗೆ ಕೊಡುವವಳು, ನಾನು ಮಾರ್ಕು ಹಾಕುವವಳು. ಬರುವ ವರ್ಷ ಹಾಳೆಯ ಎದುರು ನಿಂತಾಗ ನನ್ನ ಹೊಟ್ಟೆಯಲ್ಲಿ ನಿನ್ನ ಸಿಗಡಿ ಇರಬಾರದು."

"ಇಷ್ಟು ವರ್ಷ ತಿಂದದ್ದು?"

"ಆಗ ನಿನ್ನಿಂದ ನಾನು ಮೀನು ತೆಗೊಳ್ಳುತ್ತಿದ್ದದ್ದು ನನ್ನ ಮನೆಗೆ. ಈಗ ಬೇರೆಯವರ ಮಕ್ಕಳ ಊಟಕ್ಕೆ. ಬೇಕಾದ್ರೆ ತೂಗಿ ಮಾರು, ತೆಗೊಳ್ತೇನೆ."

"ನಿಮಗೆ ಮಾರುವುದಿಲ್ಲ." ಅಮ್ಮ ಪೊಟ್ಟಣವನ್ನು ಮತ್ತೆ ಅವರ ಕಡೆಗೆ ತಳ್ಳಿದಳು. "ಇದೆಂತ ನ್ಯಾಯ ಬಾಯಮ್ಮ? ಮಾರಿದ್ರೆ ಬೇಕು, ಕೊಟ್ಟರೆ ಬೇಡ!"

"ಇದೇ ನ್ಯಾಯ ಮಾರಾಯ್ತಿ" ಎಂದರು ಬಾಯಮ್ಮ. ಅವರ ಕಣ್ಣು ತುಂಬಿತ್ತು, ನಾನು ನೋಡಿದ್ದೇನೆ. "ಈ ಕೆಲಸ ಬಿಟ್ಟ ದಿನ ನಾನೇ ಬಂದು ಕೇಳ್ತೇನೆ. ಎಲ್ಲ ವರ್ಷದ್ದೂ ಸೇರಿಸಿ ಕೊಡು."

ಅಂದಿನಿಂದ ಪ್ರತಿ ಮೇ ತಿಂಗಳಲ್ಲಿ ಅಮ್ಮನದ್ದು ಒಂದೇ ಪ್ರಶ್ನೆ. "ಈ ವರ್ಷ ಬಿಡ್ತಾರಂತಾ?" ನಾನು ಕೇಳಿದರೆ ಬಾಯಮ್ಮ, "ಬರುವ ವರ್ಷ ನೋಡುವ" ಎನ್ನುವರು. ಅವರಿಗೂ ಬಿಡಲು ಮನಸ್ಸಿಲ್ಲ, ಹಾಸ್ಟೆಲಿನವರಿಗೂ ಬಿಟ್ಟುಕೊಡಲು ಮನಸ್ಸಿಲ್ಲ. ನಿಜ ಹೇಳಬೇಕೆಂದರೆ ಅಮ್ಮನಿಗೂ ಎರಡು ಮನಸ್ಸು. ಬಿಟ್ಟರೆ ಪೊಟ್ಟಣ ಕೊಡಬಹುದು. ಆದರೆ ಬಾಯಮ್ಮನ ಜಾಗಕ್ಕೆ ಬರುವವರು ಕೂಡಿಸುತ್ತಾರೋ, ಕಳೆಯುತ್ತಾರೋ, ಯಾರಿಗೆ ಗೊತ್ತು? ಒಂದು ವರ್ಷ ನಮ್ಮ ಐಸ್ ಸರಿಯಿಲ್ಲವೆಂದು ಅಂಕ ಇಳಿಸಿ ಬಾಯಮ್ಮ ನಮ್ಮನ್ನು ಎರಡನೆಯ ಸ್ಥಾನಕ್ಕೆ ತಳ್ಳಿದ್ದೂ ಉಂಟು. ಆ ವರ್ಷ ಕೆಲಸ ಬೇರೆಯವರಿಗೆ ಹೋಯಿತು. ಅಮ್ಮ ಬೈದಳು, ಆದರೆ ಗೇಟು ತಪ್ಪಿಸಲಿಲ್ಲ. ಕಾಫಿ ಕುಡಿಯುತ್ತಲೇ ಎದುರೆದುರು ಬೈದಳು. ಮರುವರ್ಷಕ್ಕೆ ಐಸ್ ಪೆಟ್ಟಿಗೆ ಬದಲಿಸಿ ಮತ್ತೆ ಗೆದ್ದಳು.

ಹಾಸ್ಟೆಲಿನಲ್ಲಿ ಒಣಸಿಗಡಿಯ ಚಟ್ನಿ ಮಾಡಿದ ದಿನ ಬಾಯಮ್ಮ ಉಪ್ಪು ನೋಡುವ ನೆಪದಲ್ಲಿ ಚಮಚದ ತುದಿಯಷ್ಟು ನಾಲಿಗೆಗೆ ಹಚ್ಚಿಕೊಳ್ಳುತ್ತಿದ್ದರಂತೆ. ಅಡುಗೆಯವರು ಹೇಳಿದ್ದು. ಅದನ್ನು ಕೇಳಿ ಅಮ್ಮ, "ನೋಡು ಕಳ್ಳಿ!" ಎಂದು ಎಷ್ಟು ಖುಷಿಪಟ್ಟಳೆಂದರೆ...

ನನಗೆ ಈಗಿನ ಕೆಲಸ ಸಿಕ್ಕಿದಾಗ ಬಾಯಮ್ಮನ ಕಾಲಿಗೆ ಬಿದ್ದು ಬಂದಿದ್ದೆ. "ಯಾರ ಕೈಯಿಂದಲೂ ಕಾಫಿ ಬಿಟ್ಟು ಬೇರೆ ಎಂತದ್ದೂ ತೆಗೊಳ್ಳಬೇಡ" ಎಂದಿದ್ದರು. ಈಗ ವ್ಯಾಪಾರಿಗಳು ನನ್ನ ಬೆನ್ನ ಹಿಂದೆ ಕಲ್ಲು ಎನ್ನುತ್ತಾರೆ. ಎನ್ನಲಿ. ಮೊನ್ನೆ ಸಹೋದ್ಯೋಗಿಯ ಕೋಷ್ಟಕದಲ್ಲಿ ಅಂಕಗಳನ್ನು ಕೂಡಿಸುವ ಸೂತ್ರವಿತ್ತು. ಗುಣಿಸಿ ನೋಡುವ ಎಂದೆ. ಯಾಕೆ ಎಂದು ಕೇಳಿದಳು. ಹೇಳಿಕೊಟ್ಟೆ. ಮೀನು ತಂದವರಿಗೆಲ್ಲ ಅವರವರ ಪೆಟ್ಟಿಗೆ ವಾಪಸು ಕಳಿಸಿ, ಶಕ್ತಿನಗರದ ಮನೆಗೆ ಬಂದು ಇದನ್ನು ಬರೆಯಲು ಕೂತೆ.

ಬಾಯಮ್ಮ ಹೋಗಿ ಈಗ ಕೆಲವು ತಿಂಗಳಾಯಿತು. ಕೋಲು ಹಿಡಿದುಕೊಂಡೇ ಹಾಸ್ಟೆಲಿಗೆ ಹೋಗಿಬರುತ್ತಿದ್ದರು. ಹಿಂದಿನ ಸಂಜೆಯೂ ಅಡುಗೆಮನೆಯಲ್ಲಿ ನಿಂತು ತರಕಾರಿಯವನನ್ನು ಬೈದು ಬಂದಿದ್ದರಂತೆ. ಬೆಳಿಗ್ಗೆ ಏಳಲಿಲ್ಲ. ನಾನು ಅಮ್ಮನನ್ನು ಕರೆದುಕೊಂಡು ಹೋದೆ. ಮನೆಯ ತುಂಬ ಜನ, ಹೂವು, ಮೇಣದಬತ್ತಿ. ಹಳೆಯ ವಿದ್ಯಾರ್ಥಿನಿಯರು ಸಾಲಾಗಿ ನಿಂತು ಅಳುತ್ತಿದ್ದರು. ಅಮ್ಮ ಶವಪೆಟ್ಟಿಗೆಯ ಹತ್ತಿರ ಹೋಗಿ ತುಂಬ ಹೊತ್ತು ನಿಂತಳು. ಅಳಲಿಲ್ಲ. ಅವಳು ಸೆರಗಿನೊಳಗೆ ಏನನ್ನೋ ಒತ್ತಿ ಹಿಡಿದಿದ್ದಾಳೆ ಎಂದು ನನಗೆ ಗೊತ್ತಾದದ್ದು ವಾಸನೆಯಿಂದ. ಪಕ್ಕದವರು ತಿರುಗಿ ನೋಡತೊಡಗಿದ್ದರು.

ನಾನು ಅವಳ ಕೈ ಹಿಡಿದು, "ಅಮ್ಮ, ಇವರಲ್ಲಿ ಹಾಗೆಲ್ಲ ಇಡುವುದಿಲ್ಲ, ಬಾ" ಎಂದು ಪಿಸುಗುಟ್ಟಿದೆ.

ಅವಳು ಕದಲಲಿಲ್ಲ. ಬಾಯಮ್ಮನ ಮುಖವನ್ನೇ ನೋಡುತ್ತ ನನ್ನನ್ನು ಕೇಳಿದಳು, "ಈಗ ಅವರು ಕೆಲಸದಲ್ಲಿ ಇಲ್ಲ ಅಲ್ವಾ?"

"ಇಲ್ಲಮ್ಮ."

"ಹಾಗಾದ್ರೆ ಇನ್ನು ಕೊಡಬಹುದು" ಎಂದಳು.